ಜಪಾನಿನಲ್ಲಿ ಮೇಷ್ಟರ ಕೆಲಸ: ಸಹಿ ಹಾಕುವ ಮೊದಲು ರೈಲಿನ ಬಗ್ಗೆ ಕೇಳಿ

ಕಳೆದ ಸಂಚಿಕೆಯಲ್ಲಿ ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡುವ ಕೆಲಸದ ಬಗ್ಗೆ ಬರೆದಿದ್ದೆ. ವೀಸಾ, ಸಂಬಳ, ಮಕ್ಕಳು ಇವುಗಳ ಬಗ್ಗೆ ಪ್ರಶ್ನೆ ಬರಬಹುದು ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರೈಲಿನ ಬಗ್ಗೆ ಇದ್ದವು. ನನಗೆ ತುಂಬ ಖುಷಿಯಾಯಿತು. ಈ ಕೆಲಸಕ್ಕೆ ಬರುವವರಿಗೆ ಯಾರೂ ಮೊದಲೇ ಹೇಳದ ವಿಷಯ ಇದೇ.

ನಾನು ಮಂಡ್ಯದವಳು. ಅಪ್ಪ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದರು. ದಿನಾ ಪಾಸಿನಲ್ಲಿ ರೈಲು ಹತ್ತಿ ಹೋಗಿ ಬರುತ್ತಿದ್ದರು. ಒಂಬತ್ತು ವರ್ಷದಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ಟೊಚಿಗಿ ಪ್ರಾಂತ್ಯದ ಹಳ್ಳಿ ಕಡೆ, ಆಮೇಲೆ ಟೋಕಿಯೋದಲ್ಲಿ.

ಪ್ರ: ಅಕ್ಕ, ನನಗೆ 26 ವರ್ಷ. ಜಪಾನಿನ ಶಾಲೆಗಳಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರನ್ನು ಕಳಿಸುವ ಒಂದು ಕಂಪನಿಯಿಂದ ಕೆಲಸ ಸಿಕ್ಕಿದೆ. "ಮನೆಯಿಂದ ಶಾಲೆಗೆ 90 ನಿಮಿಷದ ಒಳಗೆ" ಅಂತ ಕರಾರಿನಲ್ಲಿ ಬರೆದಿದ್ದಾರೆ. ಇದು ಮಾಮೂಲಾ? ರೈಲಿನ ಖರ್ಚು ಯಾರು ಕೊಡುತ್ತಾರೆ? — ಉಡುಪಿ

ಉ: ಟೋಕಿಯೋ ಸುತ್ತಮುತ್ತ 90 ನಿಮಿಷ ಅಪರೂಪವೇನಲ್ಲ. ಆದರೆ ಆ 90 ನಿಮಿಷ ಹೇಗಿರುತ್ತದೆ ಅನ್ನೋದು ಮುಖ್ಯ ತಂಗಿ. ಒಂದೇ ರೈಲಿನಲ್ಲಿ ಕೂತು ಹೋಗುವ ಒಂದು ಗಂಟೆ, ಎರಡು ಕಡೆ ರೈಲು ಬದಲಾಯಿಸಿ ನಿಂತುಕೊಂಡೇ ಹೋಗುವ 40 ನಿಮಿಷಕ್ಕಿಂತ ಎಷ್ಟೋ ಮೇಲು. ಶಾಲೆಗೆ ಹೋದ ಮೇಲೆ ಐದಾರು ಪೀರಿಯಡ್ ನಿಂತೇ ಪಾಠ ಮಾಡಬೇಕು, ಅದನ್ನು ಮರೀಬೇಡಿ.

ಟೋಕಿಯೋಗೆ ಬಂದಾಗ ನಾನು ಮ್ಯಾಪ್ ನೋಡಿ ಮನೆ ಹಿಡಿದೆ. ಶಾಲೆ ಏಳು ಕಿಲೋಮೀಟರ್ ದೂರ, ಹತ್ತಿರವೇ ಅಲ್ವಾ ಅಂತ. ಆದರೆ ಟೋಕಿಯೋದ ಲೈನುಗಳು ಹೆಚ್ಚಾಗಿ ಊರಿನ ನಡುಭಾಗಕ್ಕೆ ಹೋಗಿ ಅಲ್ಲಿಂದ ಹೊರಗೆ ಹರಡುತ್ತವೆ. ಅಡ್ಡಕ್ಕೆ ಹೋಗುವ ಲೈನು ಕಡಿಮೆ. ಆ ಏಳು ಕಿಲೋಮೀಟರಿಗೆ ನನಗೆ ಎರಡು ರೈಲು, ಒಂದು ಬಸ್ಸು, 70 ನಿಮಿಷ ಬೇಕಾಯಿತು. ಒಂದು ವರ್ಷ ಹಾಗೇ ಓಡಾಡಿ, ಸಂಜೆ ಅಡುಗೆ ಮಾಡುವ ಶಕ್ತಿಯೂ ಇಲ್ಲದೆ ಮಲಗಿದ ದಿನಗಳು ಎಷ್ಟೋ. ಆಮೇಲೆ ನಿಶಿ-ಕಸಾಯ್‌ಗೆ ಬಂದೆ. ಭಾರತೀಯರು ಜಾಸ್ತಿ ಇರುವ ಜಾಗ ಅದು, ಬೇಳೆ, ಸಾಂಬಾರ್ ಪುಡಿ ಎಲ್ಲ ಸಿಗುತ್ತದೆ. ಆದರೆ ನಾನು ಬಂದಿದ್ದು ಅದಕ್ಕಲ್ಲ. ನನ್ನ ಶಾಲೆ ಚಿಬಾ ಕಡೆ, ಅಂದ್ರೆ ಊರಿನ ಹೊರದಿಕ್ಕಿಗೆ ಇದೆ. ಬೆಳಿಗ್ಗೆ ಎಲ್ಲರೂ ಒಳಗೆ ನುಗ್ಗುವಾಗ ನಾನು ಹೊರಗೆ ಹೋಗುತ್ತೇನೆ. ದೂರ ಮೊದಲಿಗಿಂತ ಜಾಸ್ತಿ, ಆದರೆ ಒಂದೇ ರೈಲು, ಸೀಟು ಸಿಗುತ್ತದೆ. ಶಾಲೆ ಎಲ್ಲಿ ಅಂತ ಗೊತ್ತಾಗುವವರೆಗೆ ಮನೆ ಹಿಡಿಯಬೇಡಿ. ಕಂಪನಿಯವರು "ಮೊದಲು ಮನೆ ನೋಡಿಕೊಳ್ಳಿ, ಶಾಲೆ ಆಮೇಲೆ ಹೇಳ್ತೀವಿ" ಅಂದರೆ, ಮೊದಲ ಎರಡು ತಿಂಗಳಿಗೆ ತಾತ್ಕಾಲಿಕ ಜಾಗದಲ್ಲಿರಿ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಜಪಾನಿನಲ್ಲಿ ಕೆಲಸಕ್ಕೆ ಹೋಗಿಬರುವ ಖರ್ಚನ್ನು ಕೆಲಸ ಕೊಟ್ಟವರೇ ಕೊಡುವುದು ತುಂಬ ಸಾಮಾನ್ಯ. ತಿಂಗಳಿಗೆ 1,50,000 ಯೆನ್‌ವರೆಗೆ ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ಆದರೆ ಕೊಡಲೇಬೇಕು ಅಂತ ಕಾನೂನು ಇಲ್ಲ. ಕರಾರಿನಲ್ಲಿ ಏನಿದೆಯೋ ಅಷ್ಟೇ. ಹಾಗಾಗಿ ಇವನ್ನು ಬರವಣಿಗೆಯಲ್ಲೇ ಕೇಳಿ: ಪೂರ್ತಿ ಕೊಡುತ್ತೀರಾ ಅಥವಾ ಇಂತಿಷ್ಟು ಅಂತ ಮಿತಿ ಇದೆಯಾ? ಪಾಸಿನ ದುಡ್ಡು ಕೊಡುತ್ತೀರಾ ಅಥವಾ ಹೋದ ದಿನಗಳ ಲೆಕ್ಕವಾ? ಮೊದಲೇ ಕೊಡುತ್ತೀರಾ ಅಥವಾ ಸಂಬಳದ ಜೊತೆಗಾ? ವಾರದಲ್ಲಿ ಮೂರು ಶಾಲೆಗೆ ಕಳಿಸಿದರೆ ಮೂರು ದಾರಿಗೂ ಕೊಡುತ್ತೀರಾ? ನಾನು ಮೊದಲು ಇದ್ದ ಒಂದು ಕಂಪನಿಯಲ್ಲಿ ಈ ಮೂರನೇ ಪ್ರಶ್ನೆ ಕೇಳದೆ ಹೋಗಿದ್ದರಿಂದ, ಮೊದಲ ಸಂಬಳ ಬರುವವರೆಗೆ ಕೈಯಿಂದ ಹಾಕಿ ಹಾಕಿ ಊರಿಂದ ತಂದ ದುಡ್ಡೆಲ್ಲ ಟಿಕೆಟ್ಟಿಗೇ ಹೋಯಿತು. ಬೇಸಿಗೆ ರಜೆಯ ಬಗ್ಗೆಯೂ ಕೇಳಿ. ಇಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರು, ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ರಜೆ. ಆ ದಿನಗಳ ಪಾಸಿನ ದುಡ್ಡನ್ನು ಕೆಲವರು ಕೊಡುವುದಿಲ್ಲ.

ಪಾಸಿಗೆ ಇಲ್ಲಿ ಟೇಕಿಕೆನ್ ಅಂತಾರೆ, ಆಡುಮಾತಿನಲ್ಲಿ ಟೇಕಿ. ಒಂದು, ಮೂರು, ಆರು ತಿಂಗಳಿನದು ಸಿಗುತ್ತದೆ. ಉದ್ದದ್ದು ತೆಗೆದಷ್ಟೂ ತಿಂಗಳ ಲೆಕ್ಕದಲ್ಲಿ ಅಗ್ಗ. ಸುಯಿಕಾ, ಪಾಸ್ಮೋ ಅಂತ ಮೊದಲೇ ದುಡ್ಡು ತುಂಬಿ ಗೇಟಿಗೆ ತಾಗಿಸುವ ಕಾರ್ಡುಗಳಿವೆ, ಅವಕ್ಕೇ ಅದನ್ನು ಹಾಕಿಕೊಡುತ್ತಾರೆ. ಪಾಸಿನ ದಾರಿಯಲ್ಲಿ ಬರುವ ಯಾವ ಸ್ಟೇಷನ್ನಿನಲ್ಲಾದರೂ ಇಳಿದು ಹತ್ತಬಹುದು, ಭಾನುವಾರವೂ. ಹಾಗಾಗಿ ಮನೆ ಮತ್ತು ಶಾಲೆಯ ನಡುವೆ ಒಂದು ದೊಡ್ಡ ಸ್ಟೇಷನ್ ಬಂದರೆ ನಿಮ್ಮ ಸಂತೆಯ ಓಡಾಟ ಪೂರ್ತಿ ಪುಕ್ಕಟೆ.

ಇನ್ನೊಂದು ಮಾತು. ಯಾವ ದಾರಿಯಲ್ಲಿ ಬರುತ್ತೀರಿ ಅಂತ ಕಂಪನಿಗೆ ಬರೆದುಕೊಡಬೇಕು. ಅದನ್ನು ನಿಜವಾಗಿ ಬರೆಯಿರಿ. ಕೆಲಸಕ್ಕೆ ಹೋಗಿಬರುವಾಗ ಆದ ಅಪಘಾತಕ್ಕೂ ಇಲ್ಲಿ ಕಾರ್ಮಿಕ ವಿಮೆ ಇದೆ, ರೋಸಾಯ್ ಅಂತ. ಆದರೆ ಅದು ಮನೆ ಮತ್ತು ಶಾಲೆ ನಡುವಿನ ಸರಿಯಾದ ದಾರಿಗೆ ಮಾತ್ರ. ದಾರಿಯಲ್ಲಿ ತರಕಾರಿ ತಗೊಂಡು ಮತ್ತೆ ಅದೇ ದಾರಿಗೆ ಬಂದರೆ ಪರವಾಗಿಲ್ಲ. ಸಿನಿಮಾ ನೋಡಿ ರಾತ್ರಿ ಮನೆಗೆ ಹೊರಟರೆ ಸಿಗುವುದಿಲ್ಲ. ದುಡ್ಡು ಉಳಿಸಲು ರೈಲಿನ ಲೆಕ್ಕ ತೋರಿಸಿ ಸೈಕಲ್ಲಿನಲ್ಲಿ ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರ: ಬೆಳಿಗ್ಗೆ ಜನರನ್ನು ರೈಲಿನೊಳಗೆ ತಳ್ಳುವುದಕ್ಕೇ ಆಳುಗಳಿದ್ದಾರಂತೆ, ನಿಜವಾ? — ತುಮಕೂರು

ಉ: ನಿಜ, ಆದರೆ ಎಲ್ಲ ಕಡೆ ಅಲ್ಲ. ಜನ ಜಾಸ್ತಿ ಇರುವ ಸ್ಟೇಷನ್ನುಗಳಲ್ಲಿ ಬಿಳಿ ಗ್ಲೌಸ್ ಹಾಕಿದ ಸಿಬ್ಬಂದಿ, ಬಾಗಿಲಿಗೆ ಸಿಕ್ಕಿಕೊಳ್ಳದ ಹಾಗೆ ಜನರನ್ನೂ ಬ್ಯಾಗುಗಳನ್ನೂ ಮೆತ್ತಗೆ ಒಳಗೆ ಒತ್ತುತ್ತಾರೆ. ಇಲ್ಲಿ ರೈಲಿನ ನೂಕುನುಗ್ಗಲಿಗೂ ಸರ್ಕಾರದ ಅಳತೆ ಇದೆ, ನಿಂತವರಿಗೆ ಪೇಪರ್ ಓದಲು ಎಷ್ಟು ಜಾಗ ಇದೆ ಅನ್ನುವುದರ ಮೇಲೆ ಅದನ್ನು ವಿವರಿಸುತ್ತಾ ಬಂದಿದ್ದಾರೆ ಅನ್ನೋದು ನನಗೆ ತುಂಬ ಇಷ್ಟವಾದ ವಿಷಯ. ಕೂತವರು ಕೂತು, ನಿಂತವರಿಗೆಲ್ಲ ಹಿಡಿಕೆಯೋ ಕಂಬಿಯೋ ಸಿಕ್ಕರೆ 100 ಪರ್ಸೆಂಟ್. ಪೇಪರನ್ನು ಬಿಡಿಸಿಕೊಂಡು ಓದಬಹುದಾದರೆ 150. ಮಡಚಿಕೊಂಡು ಕಷ್ಟಪಟ್ಟು ಓದಬಹುದಾದರೆ 180. ಮೈಗೆ ಮೈ ಒತ್ತಿಕೊಂಡು, ವಾರಪತ್ರಿಕೆಯನ್ನು ಹೇಗೋ ಓದಬಹುದಾದರೆ 200. ಕೈ ಅಲ್ಲಾಡಿಸಲೂ ಆಗದಿದ್ದರೆ 250.

ನಮ್ಮ ನಿಶಿ-ಕಸಾಯ್ ಇರುವುದು ತೋಜಾಯ್ ಲೈನಿನಲ್ಲಿ. ಅದರ ಕಿಬಾ ಮತ್ತು ಮೊನ್ಜೆನ್-ನಕಾಚೋ ನಡುವಿನ ಭಾಗದಲ್ಲಿ 2019ರಲ್ಲಿ ಬೆಳಗಿನ ಹೊತ್ತು 199 ಪರ್ಸೆಂಟ್ ಇತ್ತು. ಕೊರೋನಾ ಬಂದ ಮೇಲೆ ಇಳಿಯಿತು, ಮತ್ತೆ ಮೊದಲಿನಷ್ಟು ಏರಿಲ್ಲ. ಆದರೂ ಎಂಟು ಗಂಟೆಗೆ ಊರೊಳಗೆ ಹೋಗುವ ರೈಲು ಹತ್ತಿದರೆ ಉಸಿರು ಬಿಗಿಹಿಡಿದೇ ನಿಲ್ಲಬೇಕು. ಆ ದಿಕ್ಕಿನಲ್ಲಿ ಕೆಲಸ ಸಿಕ್ಕಿದ್ದರೆ ಅರ್ಧ ಗಂಟೆ ಬೇಗ ಹೊರಡಿ. ಬೆನ್ನಿನ ಬ್ಯಾಗನ್ನು ತೆಗೆದು ಎದೆ ಮೇಲೆ ಹಾಕಿಕೊಳ್ಳಿ. ಬಾಗಿಲ ಹತ್ತಿರ ನಿಂತಿದ್ದರೆ, ಸ್ಟೇಷನ್ ಬಂದಾಗ ನೀವು ಇಳಿಯದಿದ್ದರೂ ಕೆಳಗಿಳಿದು ಪಕ್ಕಕ್ಕೆ ನಿಂತು, ಇಳಿಯುವವರು ಇಳಿದ ಮೇಲೆ ಮತ್ತೆ ಹತ್ತಬೇಕು. ಹಾಗೆ ಇಳಿದವರ ಜಾಗವನ್ನು ಯಾರೂ ಕಸಿಯುವುದಿಲ್ಲ. ಇದನ್ನು ಮೊದಲ ಸಲ ಕಂಡಾಗ ನನಗೆ ಕಣ್ಣು ತುಂಬಿತ್ತು.

ಪ್ರ: ಮೇಡಂ, ಮಗಳು ಹೋದ ತಿಂಗಳು ಟೋಕಿಯೋಗೆ ಹೋಗಿದ್ದಾಳೆ, ಭಾಷಾ ಶಾಲೆಯೊಂದರಲ್ಲಿ ಟೀಚರ್. ಗದ್ದಲದ ರೈಲಿನಲ್ಲಿ ಹೆಣ್ಣುಮಕ್ಕಳಿಗೆ ತೊಂದರೆ ಕೊಡುತ್ತಾರೆ ಅಂತ ಎಲ್ಲೋ ಓದಿದೆ. ರಾತ್ರಿ ನಿದ್ದೆ ಬರುತ್ತಿಲ್ಲ. — ದಾವಣಗೆರೆ

ಉ: ಅಮ್ಮ, ನಿಮಗೆ ಸುಳ್ಳು ಹೇಳುವುದಿಲ್ಲ. ಆ ತೊಂದರೆ ಇಲ್ಲಿ ಇದೆ. ಅದಕ್ಕೆ ಚಿಕಾನ್ ಅಂತಲೇ ಒಂದು ಪದ ಇದೆ, ಸ್ಟೇಷನ್ನುಗಳಲ್ಲಿ ಅದರ ವಿರುದ್ಧ ಪೋಸ್ಟರು ಹಾಕಿರುತ್ತಾರೆ. ಅದು ಅಪರಾಧ, ಜನ ಜೈಲಿಗೂ ಹೋಗಿದ್ದಾರೆ. ಜಪಾನ್ ಸುರಕ್ಷಿತ ದೇಶ ಅನ್ನುವ ಮಾತನ್ನೇ ಹಿಡಿದುಕೊಂಡು ಇದನ್ನು ಮುಚ್ಚಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲೇ ಗೊತ್ತಿದ್ದರೆ ತಾನೇ ಮಗಳು ಎಚ್ಚರವಾಗಿರುವುದು.

ಮಗಳಿಗೆ ಇಷ್ಟು ಹೇಳಿ. ವಾರದ ದಿನಗಳಲ್ಲಿ ಬೆಳಗಿನ ಗದ್ದಲದ ಹೊತ್ತಿಗೆ ಬಹಳಷ್ಟು ಲೈನುಗಳಲ್ಲಿ ಒಂದು ಬೋಗಿ ಹೆಂಗಸರಿಗೇ ಮೀಸಲು. 2001ರಲ್ಲಿ ಟೋಕಿಯೋದ ಕೇಯೋ ಲೈನಿನಲ್ಲಿ ರಾತ್ರಿ ರೈಲುಗಳಿಗೆ ಶುರುವಾಗಿ ಆಮೇಲೆ ಬೇರೆ ಕಡೆ ಹರಡಿತು. ಪ್ಲಾಟ್‌ಫಾರಂ ನೆಲದ ಮೇಲೆ ಗುಲಾಬಿ ಬಣ್ಣದಲ್ಲಿ ಗುರುತು ಇರುತ್ತದೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತಲೂ ಬರೆದಿರುತ್ತದೆ. ಟೋಕಿಯೋ ಪೊಲೀಸರ ಡಿಜಿ ಪೊಲೀಸ್ ಅನ್ನುವ ಆ್ಯಪನ್ನು ಫೋನಿಗೆ ಹಾಕಿಕೊಳ್ಳಲಿ. ಬಾಯಿ ಬಾರದೆ ಹೋದರೂ ಅದರಲ್ಲಿ ಒಂದು ಗುಂಡಿ ಒತ್ತಿದರೆ "ಚಿಕಾನ್, ಸಹಾಯ ಮಾಡಿ" ಅಂತ ಪರದೆ ಮೇಲೆ ಬರುತ್ತದೆ. ಪಕ್ಕದವರಿಗೆ ತೋರಿಸಿದರೆ ಸಾಕು. ಮತ್ತೊಮ್ಮೆ ಒತ್ತಿದರೆ ದನಿಯಲ್ಲೇ ಕೂಗುತ್ತದೆ. "ಯಮೆತೆ ಕುದಸಾಯ್" ಅಂದರೆ ನಿಲ್ಲಿಸಿ ಅಂತ. ಗಟ್ಟಿಯಾಗಿ ಹೇಳಲು ಮನೆಯಲ್ಲಿ ಅಭ್ಯಾಸ ಮಾಡಲಿ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಸಿಬ್ಬಂದಿಗೆ ಹೇಳಬಹುದು, ಪೊಲೀಸರ ನಂಬರ್ 110.

ನಿಮ್ಮ ನಿದ್ದೆಗೆ ಒಂದು ಸಮಾಧಾನವೂ ಇದೆ. ಭಾಷಾ ಶಾಲೆಗಳು ಹೆಚ್ಚಾಗಿ ಸ್ಟೇಷನ್ ಎದುರಿಗೇ ಇರುತ್ತವೆ, ಕೆಲಸ ಮಧ್ಯಾಹ್ನ ಶುರುವಾಗಿ ರಾತ್ರಿ ಒಂಬತ್ತರ ಹೊತ್ತಿಗೆ ಮುಗಿಯುತ್ತದೆ. ಅವಳದೂ ಹಾಗೇ ಇದ್ದರೆ ಬೆಳಗಿನ ಗದ್ದಲ ಅವಳಿಗೆ ಸಿಗುವುದೇ ಇಲ್ಲ. ಆದರೆ ಕೊನೆ ರೈಲು ಎಷ್ಟಕ್ಕೆ ಅಂತ ತಿಳಿದುಕೊಂಡಿರಲಿ. ಮಧ್ಯರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ರೈಲುಗಳು ನಿಂತುಹೋಗುತ್ತವೆ, ಆಮೇಲೆ ಟ್ಯಾಕ್ಸಿ ತುಂಬ ದುಬಾರಿ. ಮತ್ತೆ ನೀವು ರೈಲಿನ ಹೊತ್ತಿನಲ್ಲಿ ಫೋನ್ ಮಾಡಬೇಡಿ ಅಮ್ಮ, ಇಲ್ಲಿ ರೈಲಿನೊಳಗೆ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಮೆಸೇಜ್ ಕಳಿಸಿ, ಇಳಿದ ಮೇಲೆ ಅವಳೇ ಮಾಡುತ್ತಾಳೆ.

ಪ್ರ: 20 ಸೆಕೆಂಡಿಗೆ ಕ್ಷಮೆ ಕೇಳುವ ರೈಲು ಅಂತಾರೆ. ನಮ್ಮ ರೈಲುಗಳು ಅವರನ್ನು ನೋಡಿ ಕಲಿಯಬಾರದೇ? — ಮೈಸೂರು

ಉ: ಆ ಸುದ್ದಿ ನಿಜ. 2017ರ ನವೆಂಬರ್‌ನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ಸಿನ ಒಂದು ರೈಲು ಮಿನಾಮಿ-ನಗರೆಯಾಮಾ ಸ್ಟೇಷನ್ನಿಂದ 20 ಸೆಕೆಂಡು ಮುಂಚೆ ಹೊರಟಿತು, ಕಂಪನಿ ಕ್ಷಮೆ ಕೇಳಿತು. ತಡವಾಗಿದ್ದಕ್ಕಲ್ಲ, ಮುಂಚೆ ಹೊರಟಿದ್ದಕ್ಕೆ. ಮುಂಚೆ ಹೊರಟರೆ ಓಡಿ ಬಂದವರಿಗೆ ರೈಲು ತಪ್ಪುತ್ತದೆ, ಹಾಗಾಗಿ ಅದು ಸರಿಯಾದ ಕ್ಷಮೆಯೇ.

ಆದರೆ ದಿನಾ ಓಡಾಡುವವರಿಗೆ ಗೊತ್ತು, ಇಲ್ಲಿಯೂ ರೈಲು ತಡವಾಗುತ್ತದೆ. ಟೋಕಿಯೋದಲ್ಲಿ ಒಂದು ಕಂಪನಿಯ ರೈಲು ಇನ್ನೊಂದು ಕಂಪನಿಯ ಹಳಿಯ ಮೇಲೆ ಹಾಗೇ ಮುಂದುವರಿಯುತ್ತದೆ. ಟೋಕಿಯೋದ ಉತ್ತರಕ್ಕಿರುವ ಸಾಯಿತಾಮಾದಿಂದ ಹತ್ತಿದ ರೈಲಿನಲ್ಲೇ ಟೋಕಿಯೋದ ಸುರಂಗ ದಾಟಿ ದಕ್ಷಿಣದ ಯೊಕೊಹಾಮಾದಲ್ಲಿ ಇಳಿಯಬಹುದು. ತುಂಬ ಅನುಕೂಲ. ಆದರೆ ಅಲ್ಲೆಲ್ಲೋ ಬಾಗಿಲಿಗೆ ಕೊಡೆ ಸಿಕ್ಕಿಕೊಂಡರೆ ಇಲ್ಲಿ ನಮಗೆ ಐದು ನಿಮಿಷ ತಡ. ನಮ್ಮ ತೋಜಾಯ್ ಲೈನು ಅರಾಕಾವಾ ನದಿಯನ್ನು ಸೇತುವೆ ಮೇಲೆ ದಾಟುತ್ತದೆ, ಜೋರು ಗಾಳಿ ಬಂದರೆ ಅಲ್ಲಿ ರೈಲು ನಿಧಾನ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಅಂಥ ದಿನ ಸ್ಟೇಷನ್ನಿನಲ್ಲಿ ಒಂದು ಚೀಟಿ ಕೊಡುತ್ತಾರೆ, ರೈಲು ಇಷ್ಟು ನಿಮಿಷ ತಡ ಅಂತ. ಚಿಯೆನ್ ಶೋಮೇಶೋ ಅಂತ ಅದರ ಹೆಸರು. ಶಾಲೆಯಲ್ಲಿ ಅದನ್ನು ಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಹೊಸಬರು ಅದನ್ನು ತಗೊಳ್ಳದೆ ಬಂದು ಬೈಸಿಕೊಳ್ಳುತ್ತಾರೆ. ಜೊತೆಗೆ, ರೈಲು ತಡ ಅಂತ ಗೊತ್ತಾದ ಕೂಡಲೇ ಶಾಲೆಗೂ ಕಂಪನಿಗೂ ತಿಳಿಸಿಬಿಡಿ. ಮೊದಲ ಪೀರಿಯಡ್ಡಿನಲ್ಲಿ ಮಕ್ಕಳು ಕಾಯುತ್ತಿರುತ್ತಾರೆ.

ಬೋರ್ಡಿನ ಮೇಲೆ "ಜಿನ್ಶಿನ್ ಜಿಕೋ" ಅಂತ ಬಂದರೆ ಯಾರೋ ಒಬ್ಬ ಮನುಷ್ಯ ರೈಲಿಗೆ ಸಿಕ್ಕಿದ್ದಾರೆ ಅಂತ ಅರ್ಥ. ಹಲವು ಸಲ ಅದು ಆತ್ಮಹತ್ಯೆಯಾಗಿರುತ್ತದೆ. ಜನ ಸುಮ್ನೆ ಗಡಿಯಾರ ನೋಡುತ್ತಾ ನಿಂತಿರುತ್ತಾರೆ. ಒಂಬತ್ತು ವರ್ಷವಾದರೂ ನನಗೆ ಅದು ಅಭ್ಯಾಸವಾಗಿಲ್ಲ, ಆಗುವುದೂ ಬೇಡ.

ಸಮಯದ ಈ ಕಟ್ಟುನಿಟ್ಟಿಗೆ ಒಂದು ಭಯಂಕರ ಮುಖವೂ ಇದೆ. 2005ರ ಏಪ್ರಿಲ್ 25ರಂದು ಒಸಾಕಾ ಹತ್ತಿರದ ಅಮಗಸಾಕಿಯಲ್ಲಿ ಒಂದು ರೈಲು, ಗಂಟೆಗೆ 70 ಕಿಲೋಮೀಟರ್ ಮಿತಿ ಇದ್ದ ತಿರುವಿಗೆ 116ರ ವೇಗದಲ್ಲಿ ಬಂದು, ಹಳಿ ತಪ್ಪಿ ಅಪಾರ್ಟ್‌ಮೆಂಟಿಗೆ ನುಗ್ಗಿತು. ಡ್ರೈವರ್ ಸೇರಿ 107 ಜನ ಸತ್ತರು. ಅದು ಒಂದು ನಿಮಿಷಕ್ಕೂ ಸ್ವಲ್ಪ ಜಾಸ್ತಿ ತಡವಾಗಿತ್ತು. ತಪ್ಪು ಮಾಡಿದ ಡ್ರೈವರುಗಳನ್ನು ಅವಮಾನವಾಗುವ ಹಾಗೆ ಶಿಕ್ಷಿಸುವ ಪದ್ಧತಿ ಆ ಕಂಪನಿಯಲ್ಲಿ ಇತ್ತು ಅನ್ನೋದು ಆಮೇಲೆ ತನಿಖೆಯಲ್ಲಿ ಬಂತು. ಹಾಗಾಗಿ ನಮ್ಮವರು ಅವರಿಂದ ಕಲಿಯಲಿ, ಆದರೆ ಹೆದರಿಕೆಯಿಂದ ಬಂದ ಸಮಯಪಾಲನೆ ನಮಗೆ ಬೇಡ. ತಡವಾದಾಗ ಪ್ರಯಾಣಿಕರಿಗೆ ಕಾರಣ ಹೇಳುವುದು, ಚೀಟಿ ಕೊಡುವುದು ಇದೆಯಲ್ಲ, ಅದನ್ನು ನಾಳೆಯೇ ಶುರು ಮಾಡಬಹುದು. ನಮ್ಮಪ್ಪ ಎಷ್ಟು ಸಲ ಹೆಡ್‌ಮಾಸ್ಟರ ಮುಂದೆ "ರೈಲು ಲೇಟು ಸಾರ್" ಅಂತ ತಲೆ ತಗ್ಗಿಸಿ ನಿಂತಿದ್ದರೋ. ಅಂಥ ಒಂದು ಚೀಟಿ ಅವರ ಕೈಯಲ್ಲಿದ್ದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪ್ರ: ತಮ್ಮ ಒಸಾಕಾ ಹತ್ತಿರ ಪಾಠ ಮಾಡುತ್ತಾನೆ. ರೈಲಿನಲ್ಲಿ ತನ್ನ ಪಕ್ಕದ ಸೀಟು ಖಾಲಿ ಇದ್ದರೂ ಯಾರೂ ಕೂರುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದಾನೆ. ಬಣ್ಣ ನೋಡಿ ಹಾಗೆ ಮಾಡುತ್ತಾರಾ? — ಹುಬ್ಬಳ್ಳಿ

ಉ: ಅವನ ಬೇಜಾರು ಸುಮ್ನೆ ಹುಟ್ಟಿದ್ದಲ್ಲ. ಇಲ್ಲಿರುವ ಹೊರದೇಶದವರು ಸೇರಿದಾಗಲೆಲ್ಲ ಈ ಮಾತು ಬರುತ್ತದೆ. ಬಿಳಿಯರೂ ಹೇಳುತ್ತಾರೆ, ನಮ್ಮಂಥವರು ಇನ್ನೂ ಜಾಸ್ತಿ ಹೇಳುತ್ತಾರೆ. ಕೆಲವರಿಗೆ ಪಕ್ಷಪಾತ ಇದೆ, ಅದನ್ನು ಇಲ್ಲ ಅನ್ನಲಾರೆ. ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ ಅಂತ ಹೆದರುವವರು ಅದಕ್ಕಿಂತ ಜಾಸ್ತಿ ಇದ್ದಾರೆ. ಆರು ವರ್ಷ ಇಂಗ್ಲಿಷ್ ಕಲಿತೂ ಬಾಯಿಬಿಡಲು ನಾಚಿಕೊಳ್ಳುವವರಿಗೆ ತಾನೇ ನಾವು ಪಾಠ ಮಾಡುತ್ತಿರುವುದು.

ನನ್ನದೊಂದು ಅನುಭವ ಹೇಳುತ್ತೇನೆ. ಟೊಚಿಗಿಯಲ್ಲಿ ನಾನು ಹೋಗುತ್ತಿದ್ದ ರೈಲಿಗೆ ಎರಡೇ ಬೋಗಿ. ಅದರಲ್ಲಿ ನನ್ನ ಶಾಲೆಯದೇ ಹತ್ತಿಪ್ಪತ್ತು ಮಕ್ಕಳು. ಒಬ್ಬರೂ ನನ್ನ ಹತ್ತಿರ ಬರುತ್ತಿರಲಿಲ್ಲ. ನಾನು ಒಂದು ಬೋಗಿಯಲ್ಲಿ ಕೂತರೆ ಎಲ್ಲರೂ ಇನ್ನೊಂದಕ್ಕೆ. ಮೂರು ತಿಂಗಳು ಅದನ್ನು ಮನಸ್ಸಿಗೆ ಹಚ್ಚಿಕೊಂಡೆ. ಕೊನೆಗೆ ಸ್ಟಾಫ್ ರೂಮಿನಲ್ಲಿ ಜಪಾನಿ ಟೀಚರ್ ಒಬ್ಬರ ಹತ್ತಿರ ಹೇಳಿಕೊಂಡೆ. ಅವರು ಹೇಳಿದರು, "ನಾನು ಹತ್ತಿದರೂ ಮಕ್ಕಳು ಹಾಗೇ ಹೋಗುತ್ತಾರೆ, ಸೆನ್ಸೇ ಪಕ್ಕ, ಅಂದ್ರೆ ಮೇಷ್ಟ್ರ ಪಕ್ಕ ಕೂತರೆ ಮಾತಾಡಲು ಆಗಲ್ವಲ್ಲ" ಅಂತ. ಆಗ ನನಗೆ ಮಂಡ್ಯ ಸ್ಟೇಷನ್ ನೆನಪಾಯಿತು. ಅಪ್ಪನ ಶಾಲೆಯ ಹುಡುಗರು, ಅಪ್ಪ ಯಾವ ಬೋಗಿ ಹತ್ತುತ್ತಾರೆ ಅಂತ ನೋಡಿಕೊಂಡು ಅದನ್ನು ಬಿಟ್ಟು ಬೇರೆಯದಕ್ಕೆ ಓಡುತ್ತಿದ್ದರು. ನಾನು ಅಪ್ಪನ ಕೈ ಹಿಡಿದು ಅದನ್ನು ಕಣ್ಣಾರೆ ನೋಡಿದ್ದೆ. ಆ ಮಕ್ಕಳು ನನ್ನನ್ನು ಹೊರದೇಶದವಳು ಅಂತ ಬಿಟ್ಟಿರಲಿಲ್ಲ, ಮೇಷ್ಟ್ರು ಅಂತ ಬಿಟ್ಟಿದ್ದರು. ಅವತ್ತು ಸಂಜೆ ರೈಲಿನಲ್ಲಿ ನಾನೇ ಎದ್ದು ಹೋಗಿ ಅವರಿಗೆ ಟಾಟಾ ಮಾಡಿ ನನ್ನ ಬೋಗಿಗೆ ವಾಪಸ್ ಬಂದೆ. ಆ ಕಡೆಯಿಂದ ಬಂದ ನಗು ಇನ್ನೂ ಕಿವಿಯಲ್ಲಿದೆ.

ತಮ್ಮನಿಗೆ ಹೇಳಿ, ಬ್ಯಾಗು ತೊಡೆ ಮೇಲೆ ಇಟ್ಟುಕೊಂಡು ಆರಾಮವಾಗಿ ಕೂರಲಿ. ಯಾರಾದರೂ ಕೂರಲು ಬಂದರೆ ಸ್ವಲ್ಪ ಸರಿದು ತಲೆಯಾಡಿಸಲಿ. ತನ್ನಲ್ಲೇನೋ ದೋಷ ಇದೆ ಅಂತ ಮಾತ್ರ ಅಂದುಕೊಳ್ಳಬಾರದು. ತುಂಬ ನೋವಾದ ದಿನ ನಿಮಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಲಿ, ಅದಕ್ಕಿಂತ ಒಳ್ಳೆ ಔಷಧ ನನಗೆ ಸಿಕ್ಕಿಲ್ಲ.

ಪ್ರ: ರೈಲಿನಲ್ಲಿ ಬೆಳಗಿನ ತಿಂಡಿ ತಿನ್ನಬಹುದಾ? — ಶಿರಸಿ

ಉ: ಶಿಂಕನ್‌ಸೆನ್‌ನಂಥ ದೂರದ ರೈಲಿನಲ್ಲಿ ಧಾರಾಳವಾಗಿ. ದಿನಾ ಓಡಾಡುವ ರೈಲಿನಲ್ಲಿ ಬೇಡ. ಕಾನೂನೇನಿಲ್ಲ, ಆದರೆ ಒಳ್ಳೆಯ ನಡತೆ ಅನ್ನುವುದಿಲ್ಲ, ವಾಸನೆ ಬರುವ ತಿಂಡಿಯಂತೂ ಬೇಡವೇ ಬೇಡ. ಬೇಗ ಹೊರಟು ಶಾಲೆ ಹತ್ತಿರದ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ತಿನ್ನಿ. ನಾನು ಎಷ್ಟೋ ದಿನ ಒಗ್ಗರಣೆ ಅವಲಕ್ಕಿಯನ್ನು ಹಾಗೇ ತಿಂದಿದ್ದೇನೆ.

ಪ್ರ: ನನಗೆ ಹಳ್ಳಿ ಕಡೆ ಶಾಲೆ ಕೊಟ್ಟಿದ್ದಾರೆ. ಅಲ್ಲಿಯೂ ರೈಲು ಸಾಕಾಗುತ್ತದಾ, ಕಾರು ಬೇಕಾ? — ಹಾಸನ

ಉ: ಹಳ್ಳಿ ಕಡೆ ಬಹಳ ಜನ ಟೀಚರುಗಳು ಕಾರಿನಲ್ಲೇ ಹೋಗುತ್ತಾರೆ. ರೈಲು ಗಂಟೆಗೊಂದು, ಕೆಲವು ಹೊತ್ತಿನಲ್ಲಿ ಅದೂ ಇಲ್ಲ. ಒಂದು ತಪ್ಪಿದರೆ ಮೊದಲ ಪೀರಿಯಡ್ ಹೋಯಿತು ಅಂತಲೇ ಲೆಕ್ಕ. ನಾನು ಎರಡು ವರ್ಷ ರೈಲಿನಲ್ಲೇ ಕಳೆದೆ, ಬೇಕಾದ್ದಕ್ಕಿಂತ ಒಂದು ರೈಲು ಮುಂಚೆ ಹೋಗುತ್ತಿದ್ದೆ.

ಹತ್ತುವುದು ಹೇಗೆ ಅಂತ ಗೊತ್ತಿಲ್ಲದೆ ಮೊದಲ ದಿನ ಪ್ಲಾಟ್‌ಫಾರಂ ಮೇಲೆ ಸುಮ್ನೆ ನಿಂತುಬಿಟ್ಟಿದ್ದೆ, ಬಾಗಿಲು ತೆರೆಯಲೇ ಇಲ್ಲ. ಬಾಗಿಲ ಪಕ್ಕದ ಗುಂಡಿ ಒತ್ತಬೇಕು. ಚಳಿಗಾಲದಲ್ಲಿ ಒಳಗಿನ ಬಿಸಿ ಹೋಗದಿರಲಿ ಅಂತ ಹಾಗೆ. ಒಳಗೆ ಬಂದ ಮೇಲೆ ನೀವೇ ಗುಂಡಿ ಒತ್ತಿ ಮುಚ್ಚಿ. ಅಂಥ ರೈಲಿಗೆ ಕಂಡಕ್ಟರ್ ಇರುವುದಿಲ್ಲ, ಡ್ರೈವರ್ ಒಬ್ಬರೇ. ವಾನ್‌ಮನ್ ಅಂತ ಮುಂದೆ ಬರೆದಿರುತ್ತದೆ. ಹತ್ತುವಾಗ ಯಂತ್ರದಿಂದ ನಂಬರಿನ ಚೀಟಿ ತಗೊಳ್ಳಿ. ಇಳಿಯುವಾಗ ಮುಂದಿನ ಬೋರ್ಡಿನಲ್ಲಿ ಆ ನಂಬರಿಗೆ ಎಷ್ಟು ಅಂತ ನೋಡಿ, ಚೀಟಿ ಮತ್ತು ದುಡ್ಡನ್ನು ಡ್ರೈವರ್ ಪಕ್ಕದ ಡಬ್ಬಿಗೆ ಹಾಕಿ. ಸಿಬ್ಬಂದಿ ಇಲ್ಲದ ಸ್ಟೇಷನ್ನಿನಲ್ಲಿ ಮುಂದಿನ ಬೋಗಿಯ ಬಾಗಿಲು ಮಾತ್ರ ತೆರೆಯುವುದರಿಂದ ಮೊದಲೇ ಮುಂದಕ್ಕೆ ಬಂದಿರಬೇಕು. ಚಿಲ್ಲರೆ ಇಟ್ಟುಕೊಳ್ಳಿ, ಟೋಕಿಯೋದ ಕಾರ್ಡು ಎಲ್ಲ ಲೈನಿನಲ್ಲೂ ನಡೆಯುವುದಿಲ್ಲ.

ಪ್ರ: ದಿನಕ್ಕೆ ಎರಡು ಗಂಟೆ ರೈಲಿನಲ್ಲೇ ಹೋಗುತ್ತದೆ. ಮಕ್ಕಳ ಪೇಪರ್ ತಿದ್ದಿಬಿಟ್ಟರೆ ಸಂಜೆ ಬಿಡುವಾಗುತ್ತದಲ್ವಾ? — ಚಿಕ್ಕಮಗಳೂರಿನವರು, ಈಗ ನಗೋಯಾ

ಉ: ಬೇಡ. ನಮ್ಮೂರಿನಲ್ಲಿ ಮೇಷ್ಟ್ರು ರೈಲಿನಲ್ಲಿ ಪೇಪರ್ ತಿದ್ದಿದರೆ ಪಾಪ ಎಷ್ಟು ಕಷ್ಟಪಡುತ್ತಾರೆ ಅನ್ನುತ್ತಾರೆ. ಇಲ್ಲಿ ಮಕ್ಕಳ ಹೆಸರು, ಅಂಕ ಇರುವ ಕಾಗದ ಶಾಲೆಯಿಂದ ಹೊರಗೆ ಹೋಗುವುದೇ ತಪ್ಪು. ಯಾವನೋ ಮೇಷ್ಟ್ರು ರೈಲಿನಲ್ಲಿ ಬ್ಯಾಗು ಮರೆತರೆ ಅದು ಪೇಪರಿನಲ್ಲಿ ಸುದ್ದಿಯಾಗುತ್ತದೆ, ಶಾಲೆಯವರು ತಂದೆತಾಯಿಯರ ಮುಂದೆ ತಲೆಬಾಗಿ ಕ್ಷಮೆ ಕೇಳುತ್ತಾರೆ. ಆ ಎರಡು ಗಂಟೆಯನ್ನು ನಿಮಗೆ ಅಂತ ಇಟ್ಟುಕೊಳ್ಳಿ. ನಾನು ಕಾಂಜಿ, ಅಂದ್ರೆ ಜಪಾನಿ ಬರಹದಲ್ಲಿ ಬಳಸುವ ಚೀನೀ ಅಕ್ಷರಗಳನ್ನು ಕಲಿತಿದ್ದು ರೈಲಿನ ಜಾಹೀರಾತುಗಳಿಂದ. ಎದುರಿಗೇ ನೇತಾಡುತ್ತಿರುತ್ತವೆ, ಅವೇ ಪದಗಳು ತಿಂಗಳುಗಟ್ಟಲೆ ಕಣ್ಣಿಗೆ ಬೀಳುತ್ತವೆ. ಚಳಿಗಾಲದ ತಿಳಿ ಬೆಳಿಗ್ಗೆ ರೈಲಿನ ಕಿಟಕಿಯಿಂದ ಫುಜಿ ಬೆಟ್ಟ ಕಾಣುತ್ತದೆ, ಅವತ್ತು ಏನೂ ಓದುವುದಿಲ್ಲ.

ಪ್ರ: ರೈಲಿನಲ್ಲಿರುವಾಗ ಭೂಕಂಪವಾದರೆ? — ಕಲಬುರಗಿ

ಉ: ರೈಲು ತಾನಾಗಿ ನಿಲ್ಲುತ್ತದೆ. ಹಿಡಿಕೆ ಗಟ್ಟಿ ಹಿಡಿದುಕೊಂಡು ಸಿಬ್ಬಂದಿ ಹೇಳುವವರೆಗೆ ಒಳಗೇ ಇರಿ, ನೀವಾಗಿ ಬಾಗಿಲು ತೆಗೆದು ಹಳಿಗೆ ಇಳಿಯಬೇಡಿ. ಸಣ್ಣದಾದರೆ ಹತ್ತು ಹದಿನೈದು ನಿಮಿಷದಲ್ಲಿ ಮತ್ತೆ ಹೊರಡುತ್ತದೆ.

ದೊಡ್ಡದಾದರೆ ಮಾತೇ ಬೇರೆ. 2011ರ ಮಾರ್ಚ್ 11ರಂದು ಟೋಕಿಯೋ ಸುತ್ತಮುತ್ತ ಸುಮಾರು 51 ಲಕ್ಷ ಜನ ಮನೆಗೆ ಹೋಗಲಾಗದೆ ಸಿಕ್ಕಿಕೊಂಡರು ಅಂತ ಸರ್ಕಾರವೇ ಅಂದಾಜು ಮಾಡಿದೆ. ನಮ್ಮ ಶಾಲೆಯ ಹಿರಿಯ ಟೀಚರೊಬ್ಬರು ಅವತ್ತು ಹೈ ಹೀಲ್ಸ್ ಚಪ್ಪಲಿಯಲ್ಲಿ ಐದು ಗಂಟೆ ನಡೆದರಂತೆ. ಅವರು ಈಗಲೂ ಮೇಜಿನ ಕೆಳಗೆ ಒಂದು ಜೊತೆ ಕ್ಯಾನ್ವಾಸ್ ಶೂ ಇಟ್ಟಿರುತ್ತಾರೆ, ಅವರನ್ನು ನೋಡಿ ನಾನೂ ಇಟ್ಟಿದ್ದೇನೆ. 2013ರ ಏಪ್ರಿಲ್‌ನಿಂದ ಟೋಕಿಯೋದಲ್ಲಿ ಒಂದು ನಿಯಮ ಇದೆ: ದೊಡ್ಡ ಭೂಕಂಪವಾದರೆ ಕೂಡಲೇ ಮನೆಗೆ ಹೊರಡಬೇಡಿ, ಕೆಲಸದ ಜಾಗದಲ್ಲೇ ಇರಿ. ಅದಕ್ಕೆ ಮೂರು ದಿನದ ನೀರು, ಊಟ ಇಟ್ಟಿರಬೇಕು ಅಂತ ಕೆಲಸ ಕೊಟ್ಟವರಿಗೂ ಹೇಳಿದ್ದಾರೆ. ನಿಮ್ಮ ಶಾಲೆಯಲ್ಲಿ ಅದು ಎಲ್ಲಿದೆ ಅಂತ ಮೊದಲ ವಾರದಲ್ಲೇ ಕೇಳಿ. ಫೋನ್ ಸಿಗದಿದ್ದರೆ 171ಕ್ಕೆ ಕರೆ ಮಾಡಿ ನಿಮ್ಮ ದನಿಯಲ್ಲಿ ಸಂದೇಶ ಬಿಡಬಹುದು.

ಚಂಡಮಾರುತಕ್ಕೆ ಇಷ್ಟು ಹೆದರಬೇಕಿಲ್ಲ, ನಾಳೆ ರೈಲು ಇಲ್ಲ ಅಂತ ಸಾಮಾನ್ಯವಾಗಿ ಹಿಂದಿನ ದಿನವೇ ಹೇಳುತ್ತಾರೆ. ಮಕ್ಕಳಿಗೆ ರಜೆ ಕೊಟ್ಟರೂ ಟೀಚರುಗಳು ಬರಬೇಕಾಗಬಹುದು. ಶಾಲೆಗೆ ಕೇಳದೆ ಮನೆಯಲ್ಲಿ ಉಳಿಯಬೇಡಿ.

ಪ್ರ: ನಾನು ಊರಿಗೆ ವಾಪಸ್ ಹೊರಟಿದ್ದೇನೆ. ಆರು ತಿಂಗಳ ಪಾಸಿನಲ್ಲಿ ಇನ್ನೂ ಅರ್ಧ ಉಳಿದಿದೆ. ದುಡ್ಡು ವಾಪಸ್ ಕೊಡುತ್ತಾರಾ? — ಬಳ್ಳಾರಿಯವರು, ಈಗ ಸಾಯಿತಾಮಾ

ಉ: ಕೊಡುತ್ತಾರೆ, ಆದರೆ ದಿನದ ಲೆಕ್ಕದಲ್ಲಿ ಅಲ್ಲ, ತಿಂಗಳ ಲೆಕ್ಕದಲ್ಲಿ. ಬಳಸಿದ ತಿಂಗಳುಗಳಿಗೆ ಬೇಕಾದ ಪಾಸಿನ ಬೆಲೆಯನ್ನೂ 220 ಯೆನ್ ಶುಲ್ಕವನ್ನೂ ಹಿಡಿದು ಉಳಿದದ್ದು ಕೊಡುತ್ತಾರೆ. ಒಂದು ದಿನ ಜಾಸ್ತಿಯಾದರೂ ಪೂರ್ತಿ ತಿಂಗಳು ಅಂತಲೇ ಲೆಕ್ಕ. ನಿಮ್ಮ ಪಾಸು ಏಪ್ರಿಲ್ 10ಕ್ಕೆ ಶುರುವಾಗಿದ್ದರೆ ಜುಲೈ 9ರ ಒಳಗೆ ವಾಪಸ್ ಕೊಡಿ, ಮೂರು ತಿಂಗಳಿನದು ಹಿಡಿಯುತ್ತಾರೆ. 10ನೇ ತಾರೀಕು ಹೋದರೆ ನಾಲ್ಕು ತಿಂಗಳಿನದು. ಕೊನೆಗೆ ಒಂದು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಏನೂ ಬರುವುದಿಲ್ಲ. ಆ ದುಡ್ಡು ನಿಮ್ಮದಾ ಕಂಪನಿಯದಾ ಅಂತ ಮೊದಲು ಕೇಳಿಕೊಳ್ಳಿ, ಅವರು ಕೊಟ್ಟಿದ್ದರೆ ಅವರಿಗೇ ತಿರುಗಿಸಬೇಕಾಗುತ್ತದೆ.

ಸುಯಿಕಾ ಕಾರ್ಡನ್ನು ವಾಪಸ್ ಕೊಟ್ಟರೆ 500 ಯೆನ್ ಠೇವಣಿ ಸಿಗುತ್ತದೆ. ಆದರೆ ಕೊನೆ ಸಲ ಬಳಸಿದ ಮೇಲೆ ಹತ್ತು ವರ್ಷ ಅದು ನಡೆಯುತ್ತದೆ. ನೀವು ಮತ್ತೆ ಬರುವ ಆಸೆ ಇದ್ದರೆ ಬಳ್ಳಾರಿಗೇ ತಗೊಂಡು ಹೋಗಿ, ಬೀರುವಿನಲ್ಲಿ ಇಟ್ಟಿರಿ.